ಕುದಿಸಿದ ನೀರು

ತೊಟ್ಟು ತುದಿಯಲ್ಲೇ ನಿಂತಿದೆ, ಬೀಳುವುದೂ ಇಲ್ಲ, ಒಳಗೆ ಹೋಗುವುದೂ ಇಲ್ಲ, ಮೆಷಿನ್ನಿನ ಬಾಯಿಗೆ ನೇತುಬಿದ್ದು ಕಿಟಕಿಯನ್ನು ತಲೆಕೆಳಗಾಗಿ ತೋರಿಸುತ್ತಿದೆ, ಅದರೊಳಗೆ ಎದುರಿನ ಬೀಗದ ಅಂಗಡಿ, ಭಾನುವಾರವಾದ್ದರಿಂದ ಎಳೆದ ಶಟರು, ಎಲ್ಲ ಸೇರಿ ಒಂದು ಸಾಸಿವೆಯಷ್ಟು — ಬೀಳೇ ತಾಯಿ, ನೀನು ಬಿದ್ದರೆ ಇನ್ನೊಂದಾದರೂ ಬಂದೀತು — ಮೊದಲು ಹೀಗಿರಲಿಲ್ಲ, ಗುಂಡಿ ಒತ್ತಿದರೆ ಕಾಫಿ ಇಲಿಬಾಲದ ಹಾಗೆ ಇಳಿಯುತ್ತಿತ್ತು, ಸಣ್ಣಗೆ, ನುಣ್ಣಗೆ, ಎಲ್ಲೂ ಕಡಿಯದೆ, ಆ ಹೋಲಿಕೆ ಹೇಳಿಕೊಟ್ಟವಳು ಗುಬ್ಬಿ, ನನ್ನ ಮಗಳು, ನಲವತ್ತೆರಡು ತುಂಬಿದರೂ ನನಗೆ ಗುಬ್ಬಿಯೇ, ಅಂಗಡಿ ಅವಳದು, ನಾಲ್ಕು ಸ್ಟೂಲು, ಒಂದು ಕಟ್ಟೆ, ಈ ಎಸ್ಪ್ರೆಸೊ ಮೆಷಿನ್ನು, ನೋಡಮ್ಮ, ಇಲಿಬಾಲದ ಥರ ಬಂತಾ, ಹಾಗಾದ್ರೆ ಮೆಷಿನ್ ಖುಷಿಯಾಗಿದೆ ಅಂತ ಲೆಕ್ಕ, ಎಂದಿದ್ದಳು, ನಾನು ನಕ್ಕಿದ್ದೆ, ಇಲಿ ಕಂಡ್ರೆ ಕುರ್ಚಿ ಹತ್ತೋಳು ನೀನು, ನಿಂಗೆ ಬೇರೆ ಯಾವ ಬಾಲಾನೂ ಸಿಗಲಿಲ್ವೇನೇ — ಈಗ ಬಾಲವಿಲ್ಲ, ಗುರ್ರೆನ್ನುವ ಸದ್ದು, ಒತ್ತಡ ತೋರಿಸುವ ಮುಳ್ಳು ಸರ್ರನೆ ಏರುವುದು, ಒಂದು ತೊಟ್ಟು, ಅಷ್ಟೇ. ಮೂರು ತಿಂಗಳ ಕೆಳಗೆ ಅವಳು ಮೆಟ್ಟಿಲಲ್ಲಿ ಜಾರಿ ಕಣಕಾಲು ಮುರಿದುಕೊಂಡಾಗ ಅಂಗಡಿಯ ಕೀಲಿಕೈಯನ್ನು ಆಸ್ಪತ್ರೆಯ ಹಾಸಿಗೆಯಿಂದಲೇ ನನ್ನ ಕೈಗೆ ಹಾಕಿದ್ದಳು, ನಾಳೆ ಬೆಳಗ್ಗೆ ವಾಪಸು ಬರುತ್ತಾಳೆ, ಬಂದವಳೇ ಗುಂಡಿ ಒತ್ತುತ್ತಾಳೆ, ತೊಟ್ಟು ನೋಡುತ್ತಾಳೆ, ಆಮೇಲೆ ಮೆಲ್ಲಗೆ — ಜೋರು ಮಾಡುವವಳಲ್ಲ, ಮೆಲ್ಲಗೆ ಹೇಳುವುದೇ ನನಗೆ ಭಯ — ಅಮ್ಮ, ನಿಂಗೂ ವಯಸ್ಸಾಯ್ತು, ಇನ್ಮೇಲೆ ಮನೇಲಿ ಆರಾಮಾಗಿರು ಅನ್ನುತ್ತಾಳೆ, ಆರಾಮ, ಆ ಮಾತು ನೆನೆದರೇ ಅಂಗಾಲು ತಣ್ಣಗಾಗುತ್ತದೆ, ಈ ಕಟ್ಟೆಯ ಹಿಂದೆ ನಿಂತರೆ ನಾನೂ ಲೆಕ್ಕಕ್ಕಿರುವವಳು, ಬಂದವರು ಅಜ್ಜಿ ಒಂದು ಸ್ಟ್ರಾಂಗು ಅನ್ನುತ್ತಾರೆ, ಮನೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿ, ಅದರ ಮೇಲೆ ಒಂದು ದಿಂಬು, ದಿಂಬಿನ ಮೇಲೆ ನಾನು.

ಗುರುವಾರ ರಿಪೇರಿಯವನು ಬಂದಿದ್ದ, ಬಂದು ನೀರಿನ ಟ್ಯಾಂಕು ಎತ್ತಿ ತಳಕ್ಕೆ ಬೆರಳು ಸವರಿದ, ಬೆರಳ ತುದಿ ಹಿಟ್ಟು ಮುಟ್ಟಿದ ಹಾಗೆ ಬಿಳಿ, ಅಜ್ಜಿ, ಏನ್ ಹಾಕ್ತಿದ್ರಿ ಇದಕ್ಕೆ, ನೀರಪ್ಪಾ, ಎಂಥಾ ನೀರು, ಚೆನ್ನಾಗಿ ಕುದಿಸಿದ್ದು, ಎರಡು ಸಲ ಕುದಿಸಿದ್ದು, ಎಂದು ನಾನು ಬೀಗುತ್ತಲೇ ಹೇಳಿದ್ದು, ಅವನು ತಲೆ ಮೇಲೆ ಕೈ ಇಟ್ಟುಕೊಂಡ, ಕುದಿಸಿದ್ರೆ ಹುಳ ಸಾಯ್ತವೆ ಅಜ್ಜಿ, ಸುಣ್ಣ ಸಾಯಲ್ಲ, ಹಕ್ಕಳೆ ಕಟ್ಟಿ ಪಾತ್ರೆ ತಳದಲ್ಲಿ ಕೂತ್ಕೊಳ್ಳುತ್ತೆ, ತಳದ್ದನ್ನಾದ್ರೂ ಚೆಲ್ಲಿದ್ರೋ ಇಲ್ವೋ — ಚೆಲ್ಲುವುದೇ, ಕುದಿಸಿದ ನೀರನ್ನು ಚೆಲ್ಲುವುದೇ, ಜನ್ಮದಲ್ಲಿ ಚೆಲ್ಲಿದವಳಲ್ಲ ನಾನು, ಪಾತ್ರೆ ಬೋರಲು ಹಾಕಿ ತಳ ತಟ್ಟಿ ಕೊನೆಯ ಹನಿಯವರೆಗೂ ಟ್ಯಾಂಕಿಗೆ ಸುರಿದಿದ್ದೇನೆ, ಮೂರು ತಿಂಗಳು, ದಿನಕ್ಕೆ ಎರಡು ಸಲ, ಆ ಬಿಳಿ ಪುಡಿಯ ಸಮೇತ. ಇದರ ಕಥೆ ಮುಗೀತು, ಗುಜರಿಗೆ ಹಾಕಿ, ಸೋಮವಾರ ನಿಮ್ಮ ಮಗಳ ಹತ್ರ ನಾನೇ ಮಾತಾಡ್ತೀನಿ, ಎಂದು ಚೀಲ ಹೆಗಲಿಗೇರಿಸಿ ಹೊರಟ, ಅವತ್ತೇ ಸಂಜೆ ತನ್ನ ಮನೆಯಿಂದ ಫೋನಿನಲ್ಲಿ ಅವಳು ಮೆಷಿನ್ ಹೇಗಿದೆಯಮ್ಮ ಅಂದರೆ ಚೆನ್ನಾಗಿದೆ ಅಂದೆ, ಅವಳಿಗೆ ಸುಳ್ಳು ಹೇಳಿದ್ದು ಯಾವ ಕಾಲದಲ್ಲೋ, ನಾಲಿಗೆಗೆ ಅಭ್ಯಾಸ ತಪ್ಪಿ ತೊದಲಿತು. ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ, ಅಲಮಾರಿಯ ಬಾಗಿಲ ಒಳಗೆ ಅವಳು ಅಂಟಿಸಿದ ಹಾಳೆಯಲ್ಲಿ ಮೊದಲ ಸಾಲೇ ಅದು, ಜಗ್ಗಿನಲ್ಲಿ ಶೋಧಿಸಿದ ನೀರು ಮಾತ್ರ, ಮಾತ್ರದ ಕೆಳಗೆ ಎರಡು ಗೆರೆ, ನಲವತ್ತೊಂದನೇ ವಯಸ್ಸಿಗೆ ಅಕ್ಷರ ಕಲಿತವಳು ನಾನು, ಬೆರಳಿಟ್ಟು ಓದುತ್ತೇನೆ, ಒಂದು ಪದವನ್ನೂ ಹಾರಿಸುವವಳಲ್ಲ, ಓದಿದೆ, ಓದಿಯೇ ಮೀರಿದೆ — ಆ ಜಗ್ಗಿನೊಳಗೆ ನೋಡಿದರೆ ಇದ್ದಿಲಿನಂಥ ಕರೀ ಪುಡಿ, ಮಸಿಯೊಳಗಿಂದ ಬಂದ ನೀರು ಅದು ಹೇಗೆ ಶುದ್ಧ, ಅದೂ ಹನಿ ಹನಿಯಾಗಿ, ಜನ ಕಾಯುತ್ತಾ ನಿಂತಿರುವಾಗ — ಅವಳಿಗೆ ಐದು ವರ್ಷವಿದ್ದಾಗ ನೀರಿನಿಂದಲೇ ಜ್ವರ ಬಂದಿತ್ತು, ಇಪ್ಪತ್ತೆರಡು ದಿನ, ತುಟಿ ಒಡೆದು, ಕೈ ಕಡ್ಡಿಯಾಗಿ, ಡಾಕ್ಟರು ಹತ್ತು ನಿಮಿಷ ಕುದಿಸಿ ಕೊಡಿ ಅಂದರು, ನಾನು ಇಪ್ಪತ್ತು ನಿಮಿಷ ಕುದಿಸಿದೆ, ಆಮೇಲೆ ಹದಿನೈದು ವರ್ಷ ಅವಳು ಎಲ್ಲೇ ಹೋಗಲಿ ಕುದಿಸಿದ ನೀರಿನ ಬಾಟಲಿ, ಶಾಲೆಯಲ್ಲಿ ಮಕ್ಕಳು ಅವಳನ್ನು ಬಿಸಿನೀರು ಬಿಸಿನೀರು ಎಂದು ರೇಗಿಸುತ್ತಿದ್ದರಂತೆ, ಅತ್ತುಕೊಂಡು ಬರುತ್ತಿದ್ದಳು, ನಾನು ಬಿಡಲಿಲ್ಲ, ಅದೇ ಕೈ, ಅದೇ ನೀರು, ಅವಳನ್ನು ಉಳಿಸಿದ್ದೆಂದು ನಂಬಿಕೊಂಡದ್ದೇ ಅವಳ ಮೆಷಿನ್ನಿನ ಗಂಟಲು ಕಟ್ಟಿಸಿತು.

ಇವತ್ತು ಬೆಳಗ್ಗೆಯಿಂದ ಹಾಳೆಯಲ್ಲಿ ಆ ಸಾಲಿನ ಕೆಳಗೆ ತೊಳೆಯುವ ಕ್ರಮ ಬರೆದ ಹಾಗೇ ಒಂದೊಂದಾಗಿ, ಒಂದು, ಪ್ಲಗ್ ಕಿತ್ತು ಪೂರ್ತಿ ತಣ್ಣಗಾಗಲು ಬಿಡುವುದು, ಬಿಟ್ಟೆ, ಮುಟ್ಟಿ ಮುಟ್ಟಿ ನೋಡಿದೆ, ಎರಡು, ಬಾಯಿಯ ಒಳಗಿನ ಜಾಲರಿ ಬಿಚ್ಚುವುದು, ಸ್ಕ್ರೂ ತಿರುಗಲೊಲ್ಲದು, ಬಟ್ಟೆ ಸುತ್ತಿ ಉಸಿರು ಕಟ್ಟಿ ತಿರುಗಿಸಿದೆ, ಕಟಕ್ಕೆಂದಿತು, ಮುರಿದೇ ಹೋಯಿತೆಂದುಕೊಂಡೆ, ಮುರಿದಿರಲಿಲ್ಲ, ಜಾಲರಿಯ ಹಿಂದೆ ಹಳೆಯ ಕಾಫಿ ಕಪ್ಪು ಗೋಂದಿನ ಹಾಗೆ, ಅದರ ಸುತ್ತ ಬಿಳೀ ಹಕ್ಕಳೆ, ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಹೋದ ವಾರ ಅರ್ಧ ಲೋಟ ಕುಡಿದಿಟ್ಟು, ಅಜ್ಜಿ, ಇದಕ್ಕೂ ಹಲ್ಲು ಕ್ಲೀನ್ ಮಾಡಿಸಬೇಕು ಅನ್ಸುತ್ತೆ, ಕರ್ಕೊಂಡು ಬನ್ನಿ ಮೇಲಕ್ಕೆ ಅಂದಿದ್ದರು, ನಾನು ನಕ್ಕು ಬಿಟ್ಟಿದ್ದೆ, ಅವರು ಹೇಳಿದ್ದು ಅಕ್ಷರಶಃ ನಿಜ, ಇದು ಹಲ್ಲಿನ ಪಾಚಿಯೇ. ಹಲ್ಲುಜ್ಜುವ ಬ್ರಷ್ಷಿನಲ್ಲೇ ತಿಕ್ಕಿದೆ, ರಬ್ಬರಿನ ವಾಷರ್ ಗಟ್ಟಿಯಾಗಿ ಬಳೆ ಚೂರಿನಂತಾಗಿತ್ತು, ಡ್ರಾಯರಿನಲ್ಲಿದ್ದ ಹೊಸದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಕೂರಿಸಿದೆ, ಐದು, ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು, ಕರಗುವವರೆಗೆ ಕದಡುವುದು, ಜಗ್ಗಿನ ನೀರೇ ಹಾಕಿದೆ, ಕರೀ ಪುಡಿಯ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು ಹಾಕಿದೆ, ಹಬೆಯ ಕೊಳವೆಯಿಂದ ಸ್ವಲ್ಪ ಬಿಟ್ಟೆ, ಬಾಯಿಂದ ಸ್ವಲ್ಪ, ಅಲ್ಲಿ ತೊಟ್ಟು ತೊಟ್ಟೇ, ಆದರೂ ಬಿಟ್ಟೆ, ಇಪ್ಪತ್ತು ನಿಮಿಷ ಕೈ ಕಟ್ಟಿ ಕೂತೆ, ಇಪ್ಪತ್ತು ನಿಮಿಷ ಕಾಯುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆಮೇಲೆ ಕೊಳವೆಯಿಂದ ಬಂದ ನೀರು ಮಜ್ಜಿಗೆಯ ಬಣ್ಣ, ಅದರಲ್ಲಿ ಬಿಳೀ ಚೂರುಗಳು, ಮೊಟ್ಟೆಯ ಓಡಿನ ಹಾಗೆ ಬೇಸಿನ್ನಿಗೆ ಚಟಪಟ ಬಿದ್ದವು, ನೋಡನೋಡುತ್ತಾ ಹೊಟ್ಟೆ ಹಗುರವಾಯಿತು, ಯಾರದೋ ಕೆಮ್ಮು ಕಿತ್ತುಬಂದ ಹಾಗೆ, ಇನ್ನೊಂದು ಟ್ಯಾಂಕು, ಇನ್ನೊಂದು, ಆಮೇಲೆ ಬರೀ ನೀರು ಮೂರು ಸಲ, ನಾಲಿಗೆಗಿಟ್ಟು ನೋಡಿದೆ, ಹುಳಿಯಿಲ್ಲ, ಹನ್ನೊಂದು, ಗುಂಡಿ ಒತ್ತಿ ನೋಡುವುದು, ಒತ್ತಿದೆ.

ತೊಟ್ಟು. ಬೀಳದ ಅದೇ ತೊಟ್ಟು, ಅದರೊಳಗೆ ತಲೆಕೆಳಗಾದ ಶಟರು — ಹನ್ನೊಂದೂ ಮಾಡಿದೆನಲ್ಲ, ಬೆರಳಿಟ್ಟು ಓದಿದೆನಲ್ಲ, ಇನ್ನೇನು ಬಿಟ್ಟಿದ್ದೇನೆ, ಹಾಳೆ ಮುಗಿದಿದೆ, ಹನ್ನೊಂದರ ಕೆಳಗೆ ಖಾಲಿ — ತೊಟ್ಟಿನೊಳಗೆ ಏನೋ ಅಲುಗಿತು, ಶಟರಿನ ಮುಂದೆ ಒಂದು ಆಕಾರ, ಒಂದು ಕೋಲು, ಬಾಗಿಲ ಗಾಜಿನ ಮೇಲೆ ಟಕ್ ಟಕ್, ದೇವರೇ, ಗುಬ್ಬಿ, ಇವತ್ತೇ, ಊರುಗೋಲು ಹಿಡಿದು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾಳೆ, ಕಟ್ಟೆಯ ತುಂಬ ಟವೆಲಿನ ಮೇಲೆ ಅವಳ ಮೆಷಿನ್ನಿನ ಕರುಳು ಹರಡಿಕೊಂಡು ನಾನು, ಮುಚ್ಚಿಡಲು ಒಂದು ಬಟ್ಟೆಯೂ ಇಲ್ಲ, ಕೈಗೆ ನಿಂಬೆ ಉಪ್ಪಿನ ಉರಿ, ಬಾಗಿಲು ತೆಗೆದು ಅವಳು ಕೂರುವ ಮೊದಲೇ ಎಲ್ಲ ಒಂದೇ ಉಸಿರಿಗೆ ಸುರಿದುಬಿಟ್ಟೆ, ತಳದ ಪುಡಿಯ ಸಮೇತ, ಕುದಿಸಿದ ನೀರು ಹಾಕಿದ್ದೆ ಗುಬ್ಬಿ, ಮೂರು ತಿಂಗಳೂ ಹಾಕಿದ್ದೆ, ನೀನು ಬರೆದಿದ್ದೆ, ನಾನು ಓದಿದ್ದೆ, ಓದೀ ಓದೀ ಹಾಕ್ದೆ, ಫೋನಲ್ಲಿ ಸುಳ್ಳು ಹೇಳ್ದೆ. ಅವಳು ಸ್ಟೂಲಿನ ಮೇಲೆ ಕೂತು ಕಾಲು ನೀಡಿ, ಗೊತ್ತಮ್ಮ, ಅಂದಳು. ಗೊತ್ತಾ. ಗುರುವಾರ ರಾತ್ರೀನೇ ಫೋನ್ ಮಾಡಿದ್ದ ಅವನು, ಸೋಮವಾರದ ತನಕ ಅವನ ಹೊಟ್ಟೇಲಿ ಮಾತು ನಿಲ್ಲುತ್ತಾ. ಮತ್ತೆ ಯಾಕೆ ಕೇಳಲಿಲ್ಲ ನನ್ನ. ಎಷ್ಟು ದಿನಕ್ಕೆ ಬಾಯಿ ಬಿಡ್ತೀಯ ಅಂತ ನೋಡ್ತಿದ್ದೆ, ನಿಂಗೆ ತಡಿಯೋಕಾಗಲ್ಲ ಅಂತ ಗೊತ್ತಿತ್ತು, ಮೂರು ದಿನ ತಡ್ಕೊಂಡ್ಯಲ್ಲ, ದಾಖಲೆ ಕಣಮ್ಮ, ಎಂದು ನಕ್ಕಳು, ಅವಳ ಹಲ್ಲಿನ ಸಾಲು, ಒಡೆದ ತುಟಿಯಿಲ್ಲ, ಕಡ್ಡಿ ಕೈಯಿಲ್ಲ, ನಲವತ್ತೆರಡು ವರ್ಷದ ದಪ್ಪ ಹೆಂಗಸು, ನಾನು ಬೇಸಿನ್ನಿನ ಅಂಚು ಹಿಡಿದುಕೊಂಡೆ. ಆದರೂ ತೊಟ್ಟು, ಅಂದೆ, ಹನ್ನೊಂದೂ ಮಾಡ್ದೆ, ತೊಟ್ಟೇ. ಅವಳು ಊರುಗೋಲಿನ ತುದಿಯಿಂದ ಮೆಷಿನ್ನಿನ ಬಾಯಿ ತೋರಿಸಿ, ಜೆಟ್ ತೆಗೆದ್ಯಾ. ಯಾವ ಜೆಟ್ಟೇ. ಜಾಲರಿ ಮೇಲೆ, ಒಳಗೆ, ಕಡಲೆ ಗಾತ್ರದ ಹಿತ್ತಾಳೆ ತಿರುಪು, ನಡುವೆ ಸೂಜಿ ಕಣ್ಣಷ್ಟು ತೂತು. ಹಾಳೇಲಿಲ್ಲ. ಅವಳು ಬೇರೆ ಕಡೆ ನೋಡಿದಳು, ಹಾಳೇಲಿಲ್ಲ, ಯಾಕಂದ್ರೆ ನಾನೂ ಯಾವತ್ತೂ ತೆಗೆದಿಲ್ಲಮ್ಮ, ಏಳು ವರ್ಷದಿಂದ, ಒಳಗೆ ಬೀಳಿಸಿಬಿಡ್ತೀನೇನೋ ಅಂತ ಭಯ, ನನ್ನ ಕೈ ನಡುಗುತ್ತೆ, ನಿನ್ನ ಕೈ ನಡುಗಲ್ಲ.

ನಡುಗುವುದಿಲ್ಲ, ಹೌದು, ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಗುಂಡಿ ಹೊಲಿದ ಕೈ, ಅವಳು ಮೊಬೈಲಿನ ಬೆಳಕು ಹಿಡಿದಳು, ಆಫ್ ಮಾಡಿದ್ಯಾಮ್ಮ, ಮಾಡ್ದೆ, ಪ್ಲಗ್, ಕಿತ್ತೆ, ಸುಡುತ್ತಾ, ಉಗುರುಬೆಚ್ಚಗಿದೆ, ನಾನು ಕತ್ತು ಓರೆ ಮಾಡಿ ಕೆಳಗಿನಿಂದ ನೋಡಿದೆ, ಇತ್ತು, ಅಲ್ಲೇ ಇತ್ತು, ಸುಣ್ಣ ಬಳಿದ ಗೋಡೆಯಲ್ಲಿ ಮೊಳೆಯ ತಲೆಯಂತೆ, ಸಣ್ಣ ಸ್ಪ್ಯಾನರಿನಿಂದ ಒಂದು ಸುತ್ತು, ಎರಡು, ಕೆಳಗೆ ಅಂಗೈ ಬಟ್ಟಲು ಮಾಡಿ ಹಿಡಿದೆ, ಬಿತ್ತು, ಬೆಳಕಿಗೆ ಎತ್ತಿ ಹಿಡಿದರೆ ತೂತೇ ಇಲ್ಲ, ಕುರುಡು, ಒಳಗೆ ಬಿಳೀ ಚುಕ್ಕಿ, ಎಳ್ಳಿನ ಅರ್ಧದಷ್ಟು, ಇಷ್ಟೇನಾ, ಇಷ್ಟಕ್ಕೇ ಮೂರು ರಾತ್ರಿ ನಿದ್ದೆಯಿಲ್ಲವೇ, ಸೂಜಿ ಹಾಕ್ಬೇಡಮ್ಮ, ತೂತು ದೊಡ್ಡದಾಗುತ್ತೆ, ಅಷ್ಟು ಗೊತ್ತಿದೆ ಕಣೇ ನಂಗೆ, ನಿಂಬೆ ಉಪ್ಪಿನ ನೀರಲ್ಲಿ ನೆನೆಸಿದೆ, ಅವಳು ಆಸ್ಪತ್ರೆಯ ಕಥೆ ಹೇಳಿದಳು, ಪಕ್ಕದ ಹಾಸಿಗೆಯವಳ ಗೊರಕೆ, ಆಮೇಲೆ ಪೊರಕೆಯಿಂದ ಒಂದು ಎಳೆ ಕಿತ್ತು ತೊಳೆದು ಮೆಲ್ಲಗೆ ತೂರಿಸಿದೆ, ಉಫ್ ಎಂದೆ, ಬೆಳಕು ಆಚೆ ಬದಿಯಿಂದ ಚುಕ್ಕಿಯಾಗಿ ಕಣ್ಣಿಗೆ ಬಂತು, ಬಂತು ಕಣೇ, ತೋರ್ಸು ತೋರ್ಸು, ಇಬ್ಬರೂ ಒಂದೊಂದು ಕಣ್ಣು ಮುಚ್ಚಿ ಸರದಿಯಲ್ಲಿ ನೋಡಿದೆವು. ತಿರುಪು ಹಾಕಿದೆ, ಜಾಲರಿ ಹಾಕಿದೆ, ನೀರು ಬಿಟ್ಟು ತೊಳೆದು ರುಚಿ ನೋಡಿದೆ, ಹುಳಿಯಿಲ್ಲ, ಮೆಷಿನ್ನು ಕಾಯಲಿಕ್ಕೆ ಬಿಟ್ಟು ಕಾಫಿ ಪುಡಿ ಒತ್ತುತ್ತಿದ್ದೆ, ಅವಳು ಅಲಮಾರಿಯ ಬಾಗಿಲಿನಿಂದ ಹಾಳೆ ಕಿತ್ತು ತಂದು ಕಟ್ಟೆಯ ಮೇಲಿಟ್ಟು ಪೆನ್ನು ನನ್ನ ಕಡೆ ತಳ್ಳಿ, ಹನ್ನೆರಡನೇದು ನೀನೇ ಬರಿ, ಅದು ನಿನ್ನ ಕೆಲ್ಸ, ತಿಂಗಳಿಗೊಂದ್ಸಲ, ನಂಗೆ ಕೊಡ್ಬೇಡ, ಅಂದಳು. ತಿಂಗಳಿಗೊಂದು ಸಲ, ಅಂದರೆ ಮುಂದಿನ ತಿಂಗಳು, ಅದರ ಮುಂದಿನದು — ಕಿಟಕಿಯ ಪಕ್ಕದ ಕುರ್ಚಿ, ದಿಂಬು, ಖಾಲಿ — ಬರೀತೀನಿ, ಬರೀತೀನಿ, ಮೊದಲು ಇದನ್ನ ನೋಡೋಣ, ಎಂದು ಗುಂಡಿ ಒತ್ತಿದೆ, ಗುರ್ರೆಂದಿತು, ಮುಳ್ಳು ಏರಿತು, ಒಂಬತ್ತಕ್ಕೆ, ನಿಲ್ಲಬೇಕಾದಲ್ಲೇ, ಬಂದು ನಿಂತಿತು, ಒಂದು ತೊಟ್ಟು ಮೂಡಿತು, ಅದರೊಳಗೆ ಕಿಟಕಿ, ಶಟರು, ಹೋಯಿತು, ಎಲ್ಲ ಕರಗಿ ಇಳಿಯಿತು, ಕಂದು, ಸಣ್ಣಗೆ, ನುಣ್ಣಗೆ, ಅಮ್ಮ ಲೋಟ ತುಂಬ್ತು, ಎಂದು ಅವಳು ಎಲ್ಲೋ ದೂರದಿಂದ ಹೇಳುತ್ತಿದ್ದಾಳೆ, ಅಮ್ಮ, ಆಫ್ ಮಾಡು, ಅಂಚು ದಾಟಿ ಹರೀತಿದೆ, ಕೇಳಿಸಿತು, ಕೈ ಏಳುತ್ತಿಲ್ಲ, ಇನ್ನೊಂದು ಗಳಿಗೆ ಇರಲಿ, ನೋಡು ಗುಬ್ಬಿ, ಎಲ್ಲೂ ಕಡಿದಿಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆ, ಇಲಿಬಾಲ, ಇಲಿಬಾಲ, ಇಲಿಬಾಲ