ಗರಿ ಉದುರುವ ಕಾಲದ ಮೇಷ್ಟ್ರು

ಪಾರಿವಾಳ ಸಾಕುವವರ ನಡುವೆ ನಮ್ಮಣ್ಣನಿಗೆ ಮೇಷ್ಟ್ರು ಅಂತ ಹೆಸರು. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಬೀಗ ರಿಪೇರಿ ಮಾಡುತ್ತಾನೆ, ಕಳೆದ ಕೀಲಿಗೆ ಬದಲಿ ಕೀಲಿ ಮಾಡಿಕೊಡುತ್ತಾನೆ. ಆದರೆ ಯಾರಾದರೂ ಪಾರಿವಾಳದ ಸುದ್ದಿ ಎತ್ತಿದರೆ ಸಾಕು, ಗಂಟಲು ಸರಿಮಾಡಿಕೊಂಡು ಶುರು ಹಚ್ಚಿಕೊಳ್ಳುತ್ತಾನೆ. ಬೀಗ ಬಿದ್ದ ಮನೆಯ ಹೊರಗೆ ಗಿರಾಕಿ ಚಡಪಡಿಸುತ್ತಾ ನಿಂತಿದ್ದರೂ ಇವನ ಪಾಠ ಮುಗಿಯಬೇಕು.

ಎಲ್ಲಾ ಪಾಠಗಳಲ್ಲಿ ಅವನಿಗೆ ತೀರಾ ಇಷ್ಟವಾದದ್ದು ಒಂದಿತ್ತು. ಎಳೆ ಹಕ್ಕಿ ಮೊದಲ ಸಲ ಗರಿ ಉದುರಿಸುವಾಗ ಅದನ್ನು ದೂರದಿಂದ ಗೂಡಿಗೆ ಹಾರಿಬರುವ ರೇಸಿಗೆ ಬಿಡಕೂಡದು. ಹಳೆ ಗರಿ ಬಿದ್ದ ಕಡೆ ರೆಕ್ಕೆಯಲ್ಲಿ ಸಂದು ಬಿಟ್ಟಿರುತ್ತದೆ, ಹೊಸ ಗರಿಯ ಬುಡದಲ್ಲಿ ಇನ್ನೂ ರಕ್ತ ಆಡುತ್ತಿರುತ್ತದೆ, ತಿಂದ ಕಾಳಿನ ಶಕ್ತಿಯೆಲ್ಲ ಗರಿ ಬೆಳೆಸುವುದಕ್ಕೇ ಖರ್ಚಾಗಿರುತ್ತದೆ. "ಬಾಣಂತೀನ ಓಟಕ್ಕೆ ನಿಲ್ಲಿಸ್ತೀರೇನ್ರೀ?" ಎಂದು ಕೇಳುತ್ತಿದ್ದ. ಹಾಗೆ ಬಿಟ್ಟು ಹಕ್ಕಿ ಕಳೆದುಕೊಂಡವರು ಯಾರಾದರೂ ಸಿಕ್ಕರೆ ಮುಗಿಯಿತು, ನಾಲ್ಕು ಜನರ ಎದುರು ಅವರ ಮಾನ ಹರಾಜು ಹಾಕುತ್ತಿದ್ದ. ಒಬ್ಬ ಮುದುಕ ಕಣ್ಣಲ್ಲಿ ನೀರು ಹಾಕಿಕೊಂಡು ಪಾರಿವಾಳದ ಕ್ಲಬ್ಬನ್ನೇ ಬಿಟ್ಟು ಹೋದ. ಅದನ್ನೂ ಅಣ್ಣ ನಗುತ್ತಾ ಹೇಳುತ್ತಿದ್ದ.

ಈ ವರ್ಷ ಆ ಪಾಠ ಅವನ ಮನೆ ಬಾಗಿಲಿಗೇ ಬಂತು.

ಮಹಡಿ ಮೇಲಿನ ಗೂಡಿನಲ್ಲಿ ಬೂದಿ ಅಂತ ಒಂದು ಎಳೆ ಹೆಣ್ಣು ಹಕ್ಕಿ. ನನಗೆ ಪಾರಿವಾಳ ಅಂದರೆ ಅಷ್ಟಕ್ಕಷ್ಟೇ, ಒಗೆದು ಹರವಿದ ಬಟ್ಟೆಯ ಮೇಲೇ ಹೇಲುವ ಜಾತಿ ಅದು. ಆದರೂ ಬೂದಿಯನ್ನು ಕಂಡರೆ ನನಗೆ ಇಷ್ಟ. ಗೂಡಿನ ಕೆಳಗೇ ನನ್ನ ಹೊಲಿಗೆ ಕೋಣೆ. ಮಧ್ಯಾಹ್ನ ಕಿಟಕಿಗೆ ಬಂದು ಕೂತು, ಮಿಷನ್ನಿನ ಸದ್ದಿಗೆ ಕತ್ತು ಕುಣಿಸುತ್ತಿತ್ತು. ಎಳೆ ಹಕ್ಕಿಗಳ ರೇಸುಗಳಲ್ಲಿ ಅದೇ ಎಲ್ಲರಿಗಿಂತ ಮುಂದಿತ್ತು. ಕೊನೆಯ, ಉದ್ದದ ರೇಸು ಒಂದು ಬಾಕಿ. ಅದರಲ್ಲಿ ಸುಮಾರಾಗಿ ಬಂದು ಸೇರಿದರೂ ವರ್ಷದ ಕಪ್ ಅಣ್ಣನದ್ದು. ಅಂಕದಲ್ಲಿ ಹತ್ತಿರವಿದ್ದದ್ದು ಕ್ಲಬ್ಬಿನ ವೆಲ್ಡರ್ ಒಬ್ಬನ ಗಂಡು ಹಕ್ಕಿ ಮಾತ್ರ.

ಅಷ್ಟರಲ್ಲಿ ಬೂದಿ ಗರಿ ಉದುರಿಸತೊಡಗಿತು. ತಪ್ಪು ಪೂರ್ತಿ ಅಣ್ಣನದ್ದೇ. ಸಂಜೆಗೆ ಮುಂಚೆ ಗೂಡಿಗೆ ಕತ್ತಲೆ ಮಾಡಿದರೆ, ಹಗಲು ಇನ್ನೂ ಗಿಡ್ಡ ಅಂದುಕೊಂಡು ಹಕ್ಕಿ ಗರಿ ಉದುರಿಸುವುದನ್ನು ಮುಂದಕ್ಕೆ ಹಾಕುತ್ತದಂತೆ. ಅದಕ್ಕೆಂದೇ ನನ್ನ ಕೈಯಲ್ಲಿ ದಪ್ಪ ಕಪ್ಪು ಪರದೆ ಹೊಲಿಸಿದ. ಹೊಲಿದು ಕೊಟ್ಟೆ. ಆದರೆ ಬೂದಿ ಗೆಲ್ಲತೊಡಗಿದ ಮೇಲೆ ಸಂಜೆಯಾದರೆ ಯಾರಾದರೂ ನೋಡುವುದಕ್ಕೆ ಬರುತ್ತಿದ್ದರು. ಈ ಮಹಾಶಯ ಪರದೆ ಸರಿಸಿ, ದೀಪ ಹಾಕಿ, ಬೂದಿಯನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ಭಾಷಣ ಬಿಗಿಯುತ್ತಿದ್ದ. ತಾನೇ ಹಾಕಿಸಿದ ಕತ್ತಲೆಯಲ್ಲಿ ತನ್ನ ಮುಖ ಯಾರಿಗೂ ಕಾಣದು ಅನ್ನುವ ಸಂಕಟ ಅವನಿಗೆ!

ಆಮೇಲೆ ಶುರುವಾಯಿತು ನೋಡಿ ಅವನ ಅಭಿಪ್ರಾಯ ಸಂಗ್ರಹ. ಬೂದಿಯನ್ನು ಬಿಡಲೋ ಬೇಡವೋ ಅಂತ ಮೊದಲು ಅತ್ತಿಗೆಯನ್ನು ಕೇಳಿದ.

"ನೀವೇ ತಾನೇ ಊರಿಗೆಲ್ಲ ಬಿಡಬಾರದು ಅಂತಿದ್ದಿದ್ದು?" ಅಂದಳು ಅತ್ತಿಗೆ.

"ಅದು ಸಾಮಾನ್ಯ ಹಕ್ಕಿಗಳಿಗೆ ಹೇಳಿದ್ದು."

ನನ್ನ ಕೋಣೆಗೆ ಬಂದ. ಬೂದಿಯ ರೆಕ್ಕೆ ಬಿಡಿಸಿ ತೋರಿಸಿದ. ಎರಡು ದೊಡ್ಡ ಗರಿಗಳು ಬಿದ್ದಿದ್ದವು, ಇನ್ನೊಂದು ಜೋತು ನಿಂತಿತ್ತು.

"ಅಷ್ಟೇನೂ ಆಗಿಲ್ಲ ಅಲ್ವೇನೇ?"

"ತೋಳು ಹರಿದ ಅಂಗಿ ಥರ ಇದೆ. ಬಿಡಬೇಡ ಅಣ್ಣ."

"ನಿನಗೇನು ಗೊತ್ತಾಗುತ್ತೆ, ಬಟ್ಟೆ ಹೊಲಿಯೋಳಿಗೆ!"

ಕೇಳಿದ್ದು ಯಾಕಪ್ಪಾ ಹಾಗಾದರೆ? ಅವನಿಗೆ ಬೇಕಿದ್ದದ್ದು ಉತ್ತರವಲ್ಲ, ಹೂಂ ಅನ್ನುವ ಒಂದು ತಲೆ. ನಾಳೆ ಏನಾದರೂ ಆದರೆ ತಪ್ಪು ಹೊರಿಸುವುದಕ್ಕೆ ಆ ತಲೆ ಬೇಕಿತ್ತು. ಅಂಥ ತಲೆ ನಮ್ಮ ಮನೆಯಲ್ಲಿ ಸಿಗಲಿಲ್ಲ.

ರೇಸಿನ ಹಿಂದಿನ ದಿನ ವೆಲ್ಡರ್ ಬಂದ. ಕೈಯೆಲ್ಲ ಕಿಡಿ ಹಾರಿದ ಕಲೆ, ಮಾತು ಕಡಿಮೆ. ಬಾಗಿಲಲ್ಲೇ ನಿಂತು ಹೇಳಿದ: "ಮೇಷ್ಟ್ರೇ, ನಮ್ಮ ಗಂಡು ಗರಿ ಉದುರಿಸ್ತಾ ಇದೆ. ನೀವು ಹೇಳಿದ್ದು ನೆನಪಾಯ್ತು. ಮನಸ್ಸು ಬರ್ಲಿಲ್ಲ, ನಾನು ಬಿಡ್ತಾ ಇಲ್ಲ."

ಅಣ್ಣನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಶಿಷ್ಯ ಪಾಠ ಕಲಿತನಲ್ಲ ಅನ್ನುವ ಸಂತೋಷ ಅಂದುಕೊಂಡ ಪಾಪ ಆ ವೆಲ್ಡರ್. ಅಣ್ಣ ಅವನ ಬೆನ್ನು ತಟ್ಟಿ, "ಮನುಷ್ಯತ್ವ ಅಂದ್ರೆ ಇದು" ಅಂದ. ಅವನು ಬೀದಿ ತಿರುವು ದಾಟಿದನೋ ಇಲ್ಲವೋ, ಇವನು ಒಂದೇ ಉಸಿರಿಗೆ ಮಹಡಿ ಹತ್ತಿದ. ನಾನೂ ಹಿಂದೆಯೇ ಹೋದೆ. ಬೂದಿಯನ್ನು ಕಂಕುಳಲ್ಲಿ ಅವುಚಿಕೊಂಡು, ಜೋತಾಡುತ್ತಿದ್ದ ಗರಿಯನ್ನು ಕಿತ್ತ. ಹೊರಗೆ ಚಾಚಿಕೊಂಡಿದ್ದರೆ ಕ್ಲಬ್ಬಿನವರಿಗೆ ಕಾಣುತ್ತದಲ್ಲ. ಗರಿ ಇನ್ನೂ ಬುಡ ಬಿಟ್ಟಿರಲಿಲ್ಲ. ಬೂದಿ ಅದುರಿತು, ಗರಿಯ ತುದಿಯಲ್ಲಿ ಒಂದು ಹನಿ ರಕ್ತ ಇತ್ತು.

"ಥೂ, ನಿನ್ನ ಜನ್ಮಕ್ಕಿಷ್ಟು" ಅಂದೆ.

"ವೆಲ್ಡರ್ ಇಲ್ಲ ಅಂದ್ಮೇಲೆ ಅದು ಜೋರಾಗಿ ಹಾರಬೇಕು ಅಂತಾನೂ ಇಲ್ಲ ಕಣೇ. ನಿಧಾನಕ್ಕೆ ಬಂದ್ರೂ ಆಯ್ತು. ಅದಕ್ಕೂ ಒಳ್ಳೇದೇ" ಅಂದ.

ಅದಕ್ಕೂ ಒಳ್ಳೆಯದಂತೆ! ಕ್ಲಬ್ಬಿನಲ್ಲಿ ಹಕ್ಕಿಗಳನ್ನು ದೂರಕ್ಕೆ ಒಯ್ಯುವ ಬುಟ್ಟಿಗೆ ಹಾಕುವಾಗ ಬೂದಿಯನ್ನು ತಾನೇ ರೆಕ್ಕೆ ಮುಚ್ಚಿ ಹಿಡಿದುಕೊಂಡನಂತೆ. ಕಾಲಿನ ಉಂಗುರದ ನಂಬರ್ ನೋಡಿದರು, ರೆಕ್ಕೆ ಬಿಡಿಸಿ ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರನ್ನು ಕೇಳುವವರು ಯಾರು?

ರೇಸಿನ ದಿನ ಬೇರೆಯವರ ಹಕ್ಕಿಗಳು ಬಂದವು, ಬೂದಿ ಬರಲಿಲ್ಲ. ಕತ್ತು ನೋಯುವವರೆಗೂ ಅಣ್ಣ ಆಕಾಶ ನೋಡಿದ. ಕಪ್ ಇನ್ಯಾರ ಪಾಲೋ ಆಯಿತು. ಮಾರನೇ ದಿನದ ಹೊತ್ತಿಗೆ ಅವನ ಬಾಯಲ್ಲಿ ಕಥೆ ಸಿದ್ಧವಾಗಿತ್ತು: ದಾರಿಯಲ್ಲಿ ಗಿಡುಗ ಹೊಡೆದಿದೆ, ಹಕ್ಕಿಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಕೇಳಿದವರೆಲ್ಲ ಲೊಚಗುಟ್ಟಿದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಬೂದಿ ವಾಪಸ್ ಬರುತ್ತಿತ್ತೇ?

ಆದರೆ ಬೂದಿ ಬಂತು. ಅದರ ಮರುದಿನ ಬೆಳಿಗ್ಗೆ, ನಡೆದುಕೊಂಡು.

ಮನೆಗೇ ಅಂಟಿಕೊಂಡ ಅಣ್ಣನ ಅಂಗಡಿ ಮುಂದೆ ವೆಲ್ಡರ್ ಮತ್ತು ಕ್ಲಬ್ಬಿನ ಇನ್ನೂ ಕೆಲವರು ಸಮಾಧಾನ ಹೇಳುವುದಕ್ಕೆ ಕೂಡಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಬೀದಿಯ ಆ ಕೊನೆಯಿಂದ, ಸೈಕಲ್ಲುಗಳ ನಡುವೆ, ಜನರ ಕಾಲುಗಳ ನಡುವೆ, ಮಣ್ಣು ಬಣ್ಣಕ್ಕೆ ತಿರುಗಿದ ಒಂದು ಪಾರಿವಾಳ ಒಂದು ರೆಕ್ಕೆ ಎಳೆದುಕೊಂಡು ಬಂತು. ನೆಟ್ಟಗೆ ಅಣ್ಣನ ಬಳಿ ಹೋಗಿ, ಯಾವಾಗಲೂ ಮಾಡುವ ಹಾಗೆ ಚಪ್ಪಲಿಯ ಪಟ್ಟಿ ಕುಕ್ಕಿತು.

"ಮೇಷ್ಟ್ರೇ, ಇದು ನಿಮ್ಮದಲ್ವಾ?" ಎಂದು ವೆಲ್ಡರ್ ಬಗ್ಗಿದ.

ಬೂದಿಯ ಬರಿದಾದ ರೆಕ್ಕೆ ಬಿಚ್ಚಿಕೊಂಡೇ ಇತ್ತು. ಅಣ್ಣ ಅದನ್ನು ನೋಡಿದ, ವೆಲ್ಡರನನ್ನು ನೋಡಿದ.

"ನಮ್ಮದಲ್ಲ. ಯಾವುದೋ ಬೀದಿ ಪಾರಿವಾಳ. ರೋಗ ಇರುತ್ತೆ, ಮುಟ್ಟಬೇಡಿ" ಅಂದ. ಕಾಲಿನಿಂದ ಪಕ್ಕಕ್ಕೆ ತಳ್ಳಿದ. "ಹುಶ್!"

ಅದು ಎರಡು ಹೆಜ್ಜೆ ಹೋಗಿ, ತಿರುಗಿ ಅವನ ಕಾಲಿಗೇ ಬಂತು. ಅವನು ಮತ್ತೆ ತಳ್ಳಿದ. ನನಗೆ ಮೈ ಉರಿದುಹೋಯಿತು. ಎದ್ದು ಹೋಗಿ ಬೂದಿಯನ್ನು ಸೆರಗಿನಲ್ಲಿ ಎತ್ತಿಕೊಂಡು, "ಬೀದಿದಾದ್ರೆ ನಾನು ಸಾಕ್ಕೊಳ್ತೀನಿ" ಅಂದೆ. ವೆಲ್ಡರ್ ಅದರ ಕಾಲಿನ ಉಂಗುರ ನೋಡಿದ. ನೋಡಿ, ಸೈಕಲ್ ಹತ್ತಿ ಹೊರಟುಹೋದ.

ಮಧ್ಯಾಹ್ನ ಅಂಗಡಿ ಮುಚ್ಚಿ ಅಣ್ಣ ನನ್ನ ಕೋಣೆಯ ಬಾಗಿಲಿಗೆ ಬಂದ. ಮುಖ ಬಾಡಿತ್ತು, ದನಿ ಬೆಣ್ಣೆಯಾಗಿತ್ತು.

"ಕೊಡೇ. ಮೇಲೆ ಬಿಡ್ತೀನಿ. ರೆಕ್ಕೆ ಹೋದ್ರೂ ಮರಿ ಮಾಡುತ್ತೆ."

ಅವನ ದನಿ ಕೇಳಿದ್ದೇ ತಡ, ತುಂಡು ಬಟ್ಟೆಯ ಬುಟ್ಟಿಯಲ್ಲಿ ಮಲಗಿದ್ದ ಬೂದಿ ಕತ್ತೆತ್ತಿತು. ಏಳಲಾರದೆ ಒದ್ದಾಡಿತು. ಆ ಕ್ಷಣ ಅಣ್ಣನಿಗಿಂತ ಆ ಹಕ್ಕಿಯ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು.

"ನೋಡು, ಗುರುತು ಹಿಡೀತಾ ಇದೆ" ಅಂದ. ಅವನ ಕಣ್ಣು ತುಂಬಿತ್ತು.

"ಬೆಳಿಗ್ಗೆನೂ ಹಿಡಿದಿತ್ತು ಅಣ್ಣ. ಗುರುತು ಸಿಗದೇ ಇದ್ದಿದ್ದು ನಿನಗೆ."

ಅವನು ಬಾಗಿಲಲ್ಲೇ ನಿಂತಿದ್ದ. ನಾನು ಬುಟ್ಟಿಯನ್ನು ಮಿಷನ್ನಿನ ಆಚೆ ಬದಿಗೆ ಸರಿಸಿಕೊಂಡು, ಹೊಲಿಗೆ ಮುಂದುವರಿಸಿದೆ.