ರಾಯಭಾರಿಯ ಬಾಜೂ ಕುರ್ಚಿ

"ತಲಿ ಬಿಡಬ್ಯಾಡ, ಹಂಗ ಹಿಡ್ಕೊ," ಎಂದ ದುರ್ಗೇಶ.

ಮಧುಶ್ರೀ ಎರಡೂ ಅಂಗೈಯಿಂದ ಫಕ್ಕೀರಪ್ಪನ ತಲೆಯನ್ನು ಗೋಡೆಗೆ ಆನಿಸಿ ಹಿಡಿದಿದ್ದಳು. ಸವಣೂರಿನ ಆ ಚಿಕ್ಕ ಪಡಸಾಲೆಯಲ್ಲಿ ಹೆಣವನ್ನು ಕೂಡಿಸಿಯಾಗಿತ್ತು. ಕೂತಂತೆಯೇ ಮಣ್ಣಿಗೆ ಒಯ್ಯುವುದು ಈ ಮನೆತನದ ಪದ್ಧತಿ. ಆದರೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ದುರ್ಗೇಶ ಹಣೆಯ ಸುತ್ತ ಬಟ್ಟೆಯ ಪಟ್ಟಿ ಬಿಗಿದು, ಅದರ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಮೇಲೆ ರುಮಾಲು ಸುತ್ತಿದ. ಮಧುಶ್ರೀ ಮೆಲ್ಲಗೆ ಕೈ ಬಿಟ್ಟಳು. ಫಕ್ಕೀರಪ್ಪ ನೆಟ್ಟಗೆ ಕೂತಿದ್ದ, ಎದುರಿನವರು ಬಾಯಿ ತೆರೆಯಲಿ ಎಂದು ಕಾಯುವವನಂತೆ.

"ನೋಡು, ಅಡ್ಮಿಷನ್ನಿಗೆ ಕುಂತಂಗ ಕುಂತಾನ ಮಾಮಾ," ಎಂದ ದುರ್ಗೇಶ. "ಇನ್ನ ನಾಕು ಹುಡುಗರು ಬಂದ್ರ ಎದ್ದು ಮಾತಾಡ್ತಾನ."

"ಸುಮ್ನಿರೋ."

"ನಗಬೇಕಾ ಅಳಬೇಕಾ ತಿಳಿವಲ್ದು ನನಗ."

ದುರ್ಗೇಶ ಸತ್ತವನ ಹೆಂಡತಿ ಹಾಲವ್ವನ ತಮ್ಮನ ಮಗ. ಹಾನಗಲ್ಲಿನಲ್ಲಿ ಬಾಡಿಗೆಗೆ ಸಾಮಾನು ಗಾಡಿ ಓಡಿಸುತ್ತಾನೆ. ಅವನೂ ಮಧುಶ್ರೀಯೂ ಫಕ್ಕೀರಪ್ಪನ ಮಾತು ಕೇಳಿಯೇ ದೂರದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋದವರು, ಒಂದೇ ತರಗತಿಯಲ್ಲಿ ಕೃಷಿ ಪದವಿ ಮಾಡಿದವರು. ಆ ಪದವಿ ಸರಕಾರದ ಯಾವ ಹುದ್ದೆಗೂ ನಡೆಯುವುದಿಲ್ಲ ಎಂಬುದು ಕೈಗೆ ಬಂದ ಮೇಲೆ ಗೊತ್ತಾಯಿತು. ಅವನು ಸ್ಟೇರಿಂಗ್ ಹಿಡಿದ. ಅವಳು ಹಿರೇಕೆರೂರಿನ ಒಂದು ಬೀಜದ ಅಂಗಡಿಯಲ್ಲಿ ಪೊಟ್ಟಣ ತೂಗುತ್ತಾಳೆ.

ಒಳಗಿನಿಂದ ಹಾಲವ್ವ ಎರಡು ಶಾಲು ತಂದಳು. ಒಂದು ಮದುವೆಯದು. ಇನ್ನೊಂದು ವಿಶ್ವವಿದ್ಯಾಲಯದವರು ಹೊದಿಸಿದ್ದು.

"ಯಾವುದು ಹೊದಿಸೂಣು, ಮಧು?"

"ನಿಮಗ ತಿಳದದ್ದು, ಕಾಕೂ."

"ಇದನ್ನ ಹೊದಿಸು. ಲಗ್ನದ್ದನ್ನ ಅವರು ಒಮ್ಮೆರ ಹೊಚಗೊಂಡಿಲ್ಲ. ಇದನ್ನ ಮಾತ್ರ ಗಳಿಗಿಗೊಮ್ಮೆ ಬಿಸಲಿಗೆ ಹಾಕಸ್ತಿದ್ರು."

ಬಾಗಿಲ ಬಳಿ ಕೂತಿದ್ದ ನೆರೆಮನೆಯ ಮುದಕವ್ವ ಬಾಯಲ್ಲಿನ ಎಲೆಯನ್ನು ದವಡೆಗೆ ಸರಿಸಿದಳು. "ಸವಣೂರಾಗ ಎಲಿ ಮಾರವರು ರಗಡ ಮಂದಿ ಅದಾರ. ದೊಡ್ಡ ಸಾಲಿಯವರು ಕರದು ಶಾಲು ಹೊದಿಸಿದ್ದು ಇವನೊಬ್ಬಗ. ಒಂದು ದಮ್ಮಡಿ ತಗೊಳ್ಳಲಾರದ ದುಡದಾನ ನೋಡ್ರಿ."

ಮಧುಶ್ರೀ ಶಾಲಿನ ಮಡಿಕೆ ಬಿಡಿಸಿ ಅವನ ಹೆಗಲಿಗೆ ಹೊದಿಸಿದಳು. ಅಂಚು ಜಾರದಂತೆ ಎದೆಯ ಮೇಲೆ ಸರಿ ಮಾಡಿದಳು.

ಕುಣಿ ತೋಡುವವರನ್ನು ನೋಡಿ ಬರುತ್ತೇನೆಂದು ದುರ್ಗೇಶ ಗಾಡಿ ಹತ್ತಿದ.

*

ಪಿಯುಸಿ ಮುಗಿದ ಬೇಸಿಗೆಯಲ್ಲಿ ಮಧುಶ್ರೀ ಅಪ್ಪನ ಜೊತೆ ಚಿಕ್ಕೇರೂರಿನಿಂದ ಮೊದಲ ಸಲ ಫಕ್ಕೀರಪ್ಪನ ವೀಳ್ಯದೆಲೆ ಅಂಗಡಿಗೆ ಬಂದಿದ್ದಳು. ಫಕ್ಕೀರಪ್ಪ ಬುಟ್ಟಿಗಳ ಮೇಲಿನ ಗೋಣಿತಟ್ಟಿಗೆ ನೀರು ಚಿಮುಕಿಸುತ್ತಿದ್ದ. ಇವರನ್ನು ಕಂಡು, "ಕುಂತಿರ್ರಿ, ಬಂದೆ," ಎಂದು ಒಳಹೋದ. ತಿರುಗಿ ಬಂದಾಗ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕುತ್ತಿಗೆಯವರೆಗೂ ಗುಂಡಿ. ತಕ್ಕಡಿಯ ಹಿಂದೆ ಕೂರಲಿಲ್ಲ. ಕುರ್ಚಿಯನ್ನು ಅಂಗಡಿಯಿಂದ ಹೊರಗೆ, ಬೇವಿನ ನೆರಳಿಗೆ ಹಾಕಿಕೊಂಡ.

ಅದು ಸಣ್ಣ ಕಾಲೇಜಾಗಿದ್ದಾಗ ತಾನು ಅಲ್ಲಿ ಬಿ.ಕಾಂ. ಓದಿದ್ದು, ಈಗ ದೊಡ್ಡ ವಿಶ್ವವಿದ್ಯಾಲಯವಾಗಿ ಬೆಳೆದಿರುವುದು, ಈ ನಾಲ್ಕು ತಾಲೂಕಿಗೆ ತನ್ನನ್ನೇ ಹಳೆಯ ವಿದ್ಯಾರ್ಥಿಗಳ ರಾಯಭಾರಿಯೆಂದು ಆರಿಸಿದ್ದು, ಎಲ್ಲ ಹೇಳಿದ. ಗ್ರಂಥಾಲಯದ ಉದ್ದನೆಯ ಕಿಟಕಿಗಳನ್ನು ಹೇಳುವಾಗ ಅವನ ಕೈ ಗಾಳಿಯಲ್ಲಿ ಚೌಕಟ್ಟು ಬರೆಯುತ್ತಿತ್ತು. ಬೆರಳುಗಳಿಗೆ ಹಸಿ ಎಲೆಯ ವಾಸನೆ ಇತ್ತು.

ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಸರ್, ನಾವು ಹೊಲದಾಗ ಇರೋ ಮಂದಿ. ನಮಗೇನೂ ತಿಳಿಯಂಗಿಲ್ಲ. ನಿಮ್ಮ ಮಗಳು ಅಂತ ತಿಳದು ಹೇಳ್ರಿ."

ಫಕ್ಕೀರಪ್ಪ ಕ್ಷಣ ಹೊತ್ತು ರಸ್ತೆ ನೋಡಿದ. ಒಂದು ಟಾಂಗಾ ಹಾದುಹೋಯಿತು.

"ನನಗ ಮಕ್ಕಳಿಲ್ಲ," ಎಂದ. "ಇದ್ದಿದ್ರ ಅಲ್ಲೇ ಹಚ್ಚತಿದ್ದೆ."

ಮಕ್ಕಳಿಲ್ಲದವನ ಬಾಯಲ್ಲಿ ಬಂದ ಆ ಮಾತಿನ ಮೇಲೆ ಅಪ್ಪ ಮತ್ತೇನೂ ಕೇಳಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಾಗ ಅವಳ ಸೀಟು ನಿಶ್ಚಯವಾದಂತೆಯೇ ಇತ್ತು.

*

ಹೊತ್ತು ಏರಿದಾಗ ಫಕ್ಕೀರಪ್ಪನ ತಂಗಿ ಗುತ್ತೆವ್ವ ಬಂದಳು. ಅವಳ ಹಿಂದೆ ಮಗಳು ಪೂಜಾ. ಪೂಜಾ ಸರಕಾರದ ಕೃಷಿ ಅಧಿಕಾರಿ, ಮಧುಶ್ರೀಯದೇ ವಯಸ್ಸು. ಹಾಲವ್ವ ತಲೆ ತಿರುಗಿ ಬಿದ್ದಿದ್ದರಿಂದ ಆಕೆಯನ್ನು ಒಳಗೆ ಮಲಗಿಸಿ ಚಹಾ ಕುಡಿಸುತ್ತಿದ್ದರು.

ಗುತ್ತೆವ್ವ ಹೊಸ್ತಿಲಲ್ಲೇ ಕುಸಿದು, ಅಲ್ಲಿಂದ ತೆವಳುತ್ತ ಅಣ್ಣನ ಪಾದದವರೆಗೆ ಹೋದಳು. ಸುತ್ತ ಕೂತ ಹೆಂಗಸರು ಸರಿದು ಜಾಗ ಮಾಡಿದರು. ಈ ಕಡೆ ತಂಗಿಯಾದವಳು ಬರೀ ಅಳುವುದಿಲ್ಲ, ಹಾಡಿ ಅಳುತ್ತಾಳೆ. ಸತ್ತವನು ತನಗೆ ಮಾಡಿದ ಉಪಕಾರವನ್ನೆಲ್ಲ ಒಂದೂ ಬಿಡದೆ ಅವನ ಮುಖಕ್ಕೇ ಹೇಳಬೇಕು. ಬಿಟ್ಟರೆ ಋಣ ಉಳಿಯುತ್ತದೆ. ನಡುವೆ ಯಾರೂ ತಡೆಯುವಂತಿಲ್ಲ.

"ಎಲಿ ಬುಟ್ಟಿ ಹೊತ್ತು ನನ್ನ ಲಗ್ನಾ ಮಾಡಿದ್ಯೋ ಅಣ್ಣಾ…
ಗಂಡ ಕೈಬಿಟ್ಟಾಗ ನನ್ನ ಕೂಸಿಗೆ ಅಪ್ಪ ಆದ್ಯೋ ಅಣ್ಣಾ…"

ಹೆಂಗಸರು ಸಾಲು ಮುಗಿದಾಗೊಮ್ಮೆ 'ಅಣ್ಣಾ' ಎಂದು ದನಿ ಕೂಡಿಸಿದರು. ಮಧುಶ್ರೀಯೂ ಕೂಡಿಸಿದಳು. ಅವಳ ಕಣ್ಣೀರು ಹರಿಯುತ್ತಿತ್ತು.

"ನನ್ನ ಪೂಜಾ ನಿನ್ನ ಸಾಲಿಗೇ ಹೊಕ್ಕೇನಂತ ಹಟಾ ಹಿಡದ್ಲೋ ಅಣ್ಣಾ…
ಬಾಗಲಾಗ ಅಡ್ಡ ನಿಂತು ಬ್ಯಾಡ ಅಂತ ತಡದ್ಯೋ ಅಣ್ಣಾ…
ಅಲ್ಲಿ ಕಲತವರಿಗೆ ಸರಕಾರದ ಬಾಗಲಾ ತೆರಿಯಂಗಿಲ್ಲಂತ ನನ್ನ ಕಿವ್ಯಾಗ ಹೇಳಿದ್ಯೋ ಅಣ್ಣಾ…
ಧಾರವಾಡಕ್ಕ ಕೈ ಹಿಡದ ಕರಕೊಂಡ ಹೋದ್ಯೋ, ನನ್ನ ಮಗಳನ್ನ ಉಳಿಸಿದ್ಯೋ ಅಣ್ಣಾ…"

ಹೆಂಗಸರು 'ಅಣ್ಣಾ' ಎಂದರು. ಮಧುಶ್ರೀಯ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ.

ಕಂಬಕ್ಕೆ ಒರಗಿ ನಿಂತಿದ್ದ ಪೂಜಾ ಒಮ್ಮೆ ಮಧುಶ್ರೀಯ ಕಡೆ ನೋಡಿ, ಕೂಡಲೇ ಸೆರಗಿನಿಂದ ಮುಖ ಒರೆಸಿಕೊಂಡಳು. ಗುತ್ತೆವ್ವ ಮುಂದಿನ ಉಪಕಾರಕ್ಕೆ ಹೋಗಿದ್ದಳು. ಯಾವುದೋ ಸೀರೆ, ಯಾವುದೋ ಎಮ್ಮೆ.

*

ಸರಕಾರದ ಹುದ್ದೆಗೆ ಹಾಕಿದ್ದ ಮಧುಶ್ರೀಯ ಅರ್ಜಿ ತಿರಸ್ಕೃತವಾದ ವಾರವೇ ಫಕ್ಕೀರಪ್ಪ ಚಿಕ್ಕೇರೂರಿಗೆ ಬಂದಿದ್ದ. ಕರೆದಿರಲಿಲ್ಲ, ತಾನಾಗಿಯೇ. ಎರಡು ಬಸ್ಸು ಬದಲಿಸಿ, ಬಗಲಲ್ಲಿ ಸವಣೂರು ಖಾರದ ಪೊಟ್ಟಣ ಹಿಡಿದು. ಅಪ್ಪ ಅವನನ್ನು ಮಾತಾಡಿಸದೆ ದನದ ಕೊಟ್ಟಿಗೆಗೆ ಹೋದ. ಫಕ್ಕೀರಪ್ಪ ಕಟ್ಟೆಯ ಮೇಲೆ ಕೂತು, ಅವಳೆದುರು ಕನ್ನಡಕ ತೆಗೆದು ಅತ್ತ.

"ನನಗೂ ಗೊತ್ತಿರಲಿಲ್ಲವ್ವ. ಗೊತ್ತಿದ್ರ ನಿನ್ನ ಕಳಸ್ತಿದ್ನೇನ?"

ದೊಡ್ಡವರು ಅಳುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ತಾನೇ ಅವನನ್ನು ಸಮಾಧಾನ ಮಾಡಿದಳು. ನೀರು ತಂದುಕೊಟ್ಟಳು. ಅಪ್ಪನಿಗೆ, "ಅವರದೇನ್ ತಪ್ಪು ಅಪ್ಪಾ, ಅವರಿಗೂ ಮೋಸ ಆಗೇತಿ," ಎಂದಳು.

ಮುಂದಿನ ವರ್ಷ ಅವನು ಫೋನು ಮಾಡಿದ. "ಈಗ ಹೊಸದಾಗಿ ಸೇರೋರಿಗೆ ಮಾನ್ಯತಾ ಬಂದೇತಿ ಮಧು. ಎಲ್ಲಾ ಸರಿ ಆಗೇತಿ. ಹೆಣ್ಣುಮಕ್ಕಳು ನನ್ನ ಮುಂದ ಬಾಯಿ ಬಿಡೂದಿಲ್ಲ. ನೀ ಬಂದು ಬಾಜೂ ಕುಂಡ್ರತಿಯೇನ?"

ಅವಳು ಹೋದಳು. ಎರಡು ಬೇಸಿಗೆ ಬೇವಿನ ನೆರಳಿನಲ್ಲಿ ಅವನ ಬಾಜೂ ಕುರ್ಚಿಯಲ್ಲಿ ಕೂತಳು. ಹಾನಗಲ್ಲಿನಿಂದ, ಶಿಗ್ಗಾವಿಯಿಂದ ಬಂದ ಹುಡುಗಿಯರಿಗೆ ಹಾಸ್ಟೆಲಿನ ಊಟ ಹೇಗಿರುತ್ತದೆ, ರಾತ್ರಿ ಬಾಗಿಲು ಎಷ್ಟೊತ್ತಿಗೆ ಹಾಕುತ್ತಾರೆ ಎಂದೆಲ್ಲ ಹೇಳಿದಳು. ಗ್ರಂಥಾಲಯದ ಕಿಟಕಿ ಹೇಳುವಾಗ ಅವಳ ಕೈಯೂ ಗಾಳಿಯಲ್ಲಿ ಚೌಕಟ್ಟು ಬರೆಯಲು ಕಲಿತಿತ್ತು.

*

ಹಿತ್ತಲಿನ ನೀರಿನ ತೊಟ್ಟಿಯ ಬಳಿ ಪೂಜಾ ಕಾಲು ತೊಳೆಯುತ್ತಿದ್ದಳು. ಮಧುಶ್ರೀ ಹಿಂದೆ ಹೋಗಿ ನಿಂತಳು.

"ನಿಮ್ಮವ್ವ ಹಾಡಿದ್ದು ಯಾವಾಗಿನ ಮಾತು?"

"ನಾವು ಪಿಯುಸಿ ಮುಗಿಸಿದ ವರ್ಷದ್ದು."

"ನಾ ಇಲ್ಲಿಗೆ ಬರೂದಕ್ಕಿಂತ ಮೊದಲೋ, ಆಮ್ಯಾಲೋ?"

ಪೂಜಾ ತಂಬಿಗೆ ಕೆಳಗಿಟ್ಟಳು. "ಮೊದಲು. ಆ ಶಾಲಿನ ಸನ್ಮಾನಕ್ಕ ಮಾಮಾ ಹೋಗಿದ್ದಾಗ ಅಲ್ಲಿಯ ಮಾಸ್ತರೊಬ್ಬರು ಅವಗ ಹೇಳಿದ್ರಂತ, ಈ ಡಿಗ್ರಿಗೆ ಮಾನ್ಯತಾ ಇಲ್ಲ, ಬರೂದೂ ಇಲ್ಲ ಅಂತ."

"ಬರೂದೂ ಇಲ್ಲ ಅಂತ?"

"ಇವತ್ತಿಗೂ ಬಂದಿಲ್ಲ. ನಮ್ಮ ಆಫೀಸಿಗೆ ಅರ್ಜಿ ಬರ್ತಾವಲ್ಲ, ನಾನ ನೋಡ್ತೇನಿ. ಬಾಜೂಕ ಇಡ್ತಾರ."

ಮಧುಶ್ರೀ ತೊಟ್ಟಿಯ ಅಂಚು ಹಿಡಿದಳು. "ನನಗ ಒಂದು ಫೋನ್ ಮಾಡಬೇಕಿತ್ತು ನೀನು."

"ಯಾರಿಗೂ ಹೇಳಬ್ಯಾಡಂತ ಮಾಮಾ ಆಣಿ ಹಾಕಿದ್ದ. ಹಾಲವ್ವ ಅತ್ತಿಗೂ ಗೊತ್ತಿಲ್ಲ, ಮಾರ್ಕ್ಸ್ ಮ್ಯಾಲ ಧಾರವಾಡದಾಗ ಸೀಟ್ ಸಿಕ್ತು ಅಂತ ತಿಳದಾಳ." ಪೂಜಾ ದನಿ ತಗ್ಗಿಸಿದಳು. "ಮತ್ತ ನಿನಗ ಗೊತ್ತೈತಿ ಅಂತ ನಾ ತಿಳದಿದ್ದೆ. ಅವನ ಬಾಜೂ ಕುಂತು ಹುಡುಗರನ್ನ ಕಳಸತಿದ್ದಿ. ಗೊತ್ತಿಲ್ಲ ಅಂದ್ರ ಯಾರ್ ನಂಬ್ತಾರ?"

ತಾನು ಹೆಸರು ಕೇಳಿ, ಊರು ಕೇಳಿ, ನಗಿಸಿ ಕಳಿಸಿದ ಹುಡುಗಿಯರ ಮುಖಗಳು ಮಧುಶ್ರೀಯ ಕಣ್ಣೆದುರು ಒಂದರ ಹಿಂದೊಂದು ಬಂದವು. ಅವರಲ್ಲಿ ಕೆಲವರು ಇನ್ನೂ ಅಲ್ಲೇ ಓದುತ್ತಿದ್ದರು.

"ಯಾಕ ಮಾಡಿದ, ಪೂಜಾ?"

"ಜಲ್ಮಾ ಪೂರ್ತಿ ಏ ಎಲಿ ಫಕ್ಕೀರಾ ಅಂತ ಕರದಾರ ಅವನ್ನ. ಇದೊಂದಕ್ಕ ಸರ್ ಅಂತಿದ್ರು." ಪೂಜಾ ಸೆರಗು ಕೊಡವಿಕೊಂಡಳು. "ನನಗ ಅವನ ಮ್ಯಾಲ ಸಿಟ್ಟಾಗಾಕ ಬರೂದಿಲ್ಲ. ನಿನಗ ಬರ್ತೈತಿ. ಆಗು."

ಇಬ್ಬರೂ ಪಡಸಾಲೆಗೆ ಮರಳಿದಾಗ ಹೊಸಬರಿಬ್ಬರು ಬಂದಿದ್ದರು. ಬಿಳಿ ಅಂಗಿಯ ನಡುವಯಸ್ಸಿನ ಗಂಡಸು, ತಲೆಗೆ ದುಪಟ್ಟಾ ಹೊದ್ದ ಹುಡುಗಿ. ಗಂಡಸಿನ ಕೈಯಲ್ಲಿ ಆಗಷ್ಟೇ ಕೊಂಡ ಹೂಮಾಲೆ. ಅದನ್ನು ಹೆಣದ ಕೊರಳಿಗೆ ತಾನೇ ಹಾಕಬಹುದೋ ಇಲ್ಲವೋ ತಿಳಿಯದೆ ನಿಂತಿದ್ದ. ಹಾಲವ್ವ ಎದ್ದು ಬಂದು ಗಂಡನ ಮಗ್ಗುಲಲ್ಲಿ ಕೂತು, ಬೀಸಣಿಕೆಯಿಂದ ಅವನ ಮುಖದ ನೊಣ ಹೊಡೆಯುತ್ತಿದ್ದಳು.

"ನಾ ಬಂದೇಸಾಬ ಅಂತ್ರಿ, ಬಂಕಾಪುರದಾಂವ. ಇಕಿ ಮಗಳು ಸುಹಾನಾ," ಎಂದ ಅವನು. "ಸಾಹೇಬ್ರು ಇವತ್ತ ಬರಾಕ ಹೇಳಿದ್ರು. ಓಣಿಗೆ ಬಂದ ಮ್ಯಾಲ ಸುದ್ದಿ ಗೊತ್ತಾತು. ಮಣ್ಣು ಕೊಟ್ಟು ಹೋಗ್ತೇವ್ರಿ."

"ಹಾಕ್ರಿ, ನೀವ ಹಾಕ್ರಿ ಮಾಲಿ," ಎಂದಳು ಹಾಲವ್ವ. ಅವನು ಹಾಕಿದ. "ಸೀಟಿನ ಸಲುವಾಗಿ ಬಂದಿದ್ರೇನು?"

"ಅದು ಬಿಡ್ರಿ ಈಗ."

"ಯಾಕ ಬಿಡೂದು? ಬಂದವರನ್ನ ಅವರು ಎಂದೂ ಹಂಗ ಕಳಿಸಿಲ್ಲ." ಹಾಲವ್ವನ ಕಣ್ಣು ಮಧುಶ್ರೀಯನ್ನು ಹುಡುಕಿತು. "ಮಧು, ಬಾ ಇಲ್ಲೆ. ಈ ಹುಡುಗಿಗೆ ಅವರ ಪರವಾಗಿ ನೀ ಹೇಳು. ಅವರ ಮುಂದನ ಹೇಳು. ಕೇಳಿಸ್ಕೊಂಡು ಹೋಗ್ಲಿ."

ಯಾರೋ ಎರಡು ಕುರ್ಚಿ ತಂದರು. ಬಂದೇಸಾಬ ಬೇಡವೆಂದು ನೆಲದ ಮೇಲೆ ಕೂತ. ಹುಡುಗಿಯೂ ಕೂತಳು. ಮಧುಶ್ರೀ ಅವಳೆದುರು ಮಂಡಿ ಮಡಚಿ ಕೂತಳು.

"ಅಕ್ಕಾ, ನೀವೂ ಅಲ್ಲೇ ಓದೀರಂತ," ಎಂದಳು ಸುಹಾನಾ. "ನಾಳೆ ಹೆಸರು ಹಚ್ಚಾಕ ಕಡೇ ದಿನ ಐತ್ರಿ. ಕೃಷಿ ತಗೊಂಡ್ರ ಸರಕಾರಿ ನೌಕರಿ ಪಕ್ಕಾ ಅಂತ ಸರ್ ಫೋನಿನ್ಯಾಗ ಹೇಳ್ಯಾರ. ಹೌದಲ್ರಿ?"

ಮಾತು ಬಾಯಲ್ಲಿ ತಯಾರಿತ್ತು. ಹಾಸ್ಟೆಲು, ಊಟ, ಕಿಟಕಿ. ಎರಡು ಬೇಸಿಗೆ ಆಡಿದ ಮಾತು, ಬಾಯಿ ತೆರೆದರೆ ತಾನೇ ಸುರಿಯುತ್ತಿತ್ತು. ಹೆಂಗಸರು ಅಳು ನಿಲ್ಲಿಸಿ ಮುಂದೆ ಬಾಗಿದ್ದರು. ಮಧುಶ್ರೀ ಒಮ್ಮೆ ಫಕ್ಕೀರಪ್ಪನನ್ನು ನೋಡಿದಳು. ರುಮಾಲಿನಡಿ ಅವನ ಹಣೆ, ವಿಭೂತಿ, ಮುಚ್ಚಿದ ಕಣ್ಣು.

"ನನ್ನ ಕೇಳಬ್ಯಾಡ ತಂಗಿ," ಎಂದಳು. "ಅಲ್ಲಿ ಕಂಬದ ಹಂತ್ಯಾಕ ನಿಂತಾಳಲ್ಲ, ಆಕಿನ್ನ ಕೇಳು. ಆಕಿಗೆ ಸರ್ ಖರೇ ಹೇಳಿದ್ರು."

"ಏ ಹುಡುಗೀ," ಎಂದಳು ಗುತ್ತೆವ್ವ. "ಹೆಣದ ಮುಂದ ಎಂಥಾ ಮಾತು ಇವು."

"ನೀವು ಹಾಡಿದ್ದನ್ನ ಹೇಳಾಕತ್ತೇನ್ರಿ. ನಂದೇನೂ ಕೂಡಿಸಿಲ್ಲ."

ಸುಹಾನಾ ಕಂಬದ ಕಡೆ ತಿರುಗಿದಳು. ಬಂದೇಸಾಬನೂ ತಿರುಗಿದ. ಪೂಜಾ ತಾಯಿಯನ್ನು ನೋಡಿದಳು, ಮಾಮನನ್ನು ನೋಡಿದಳು.

"ಹೋಗಬ್ಯಾಡ," ಎಂದಳು ಕಡೆಗೆ, ಹುಡುಗಿಗೆ ಮಾತ್ರ ಕೇಳಲಿ ಎಂಬಂತೆ. ಆದರೆ ಪಡಸಾಲೆ ಚಿಕ್ಕದು. "ಆ ಡಿಗ್ರಿ ಎಲ್ಲೂ ನಡಿಯಂಗಿಲ್ಲ. ನನ್ನ ಹೋಗಗೊಟ್ಟಿಲ್ಲ ಅಂವ."

ಮುದಕವ್ವ ಎಲೆ ಜಗಿಯುವುದನ್ನು ನಿಲ್ಲಿಸಿದಳು. ಬಂದೇಸಾಬ ತಾನೇ ಹಾಕಿದ ಮಾಲೆಯನ್ನು ನೋಡಿದ.

"ನಮ್ಮ ದುರ್ಗೇಶಗ?" ಎಂದಳು ಹಾಲವ್ವ.

ಪೂಜಾ ಕಂಬದ ಹಿಂದಕ್ಕೆ ಸರಿದಳು.

"ಮಧು, ನಿನ್ನ ಕೇಳಾಕತ್ತೇನಿ. ನನ್ನ ತಮ್ಮನ ಮಗನ್ನ ಕಳಸೂ ಮುಂದ ಇವರಿಗೆ ಗೊತ್ತಿತ್ತೇನು?"

"ಪೂಜಾನ್ನ ತಡದ ವರ್ಷನ ನಾನೂ ದುರ್ಗೇಶನೂ ಹೋದವರು, ಕಾಕೂ."

ಹೊರಗೆ ಗಾಡಿ ನಿಂತ ಸದ್ದಾಯಿತು. ದುರ್ಗೇಶ ಮೊಣಕೈಯವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಬಾಗಿಲಿಗೆ ಬಂದ. "ಅತ್ತೀ, ಕುಣಿ ತಯಾರಾತು. ಚೊಲೋ ಅಗಲ ತಗಸೇನಿ, ಮಾಮಾ ಆರಾಮ ಕುಂಡ್ರತಾನ."

ಹಾಲವ್ವ ಅವನ ಮಣ್ಣಿನ ಕೈಗಳನ್ನೇ ನೋಡುತ್ತಿದ್ದಳು. ಒಂದು ನೊಣ ಬಂದು ಫಕ್ಕೀರಪ್ಪನ ಮೇಲ್ದುಟಿಯ ಮೇಲೆ ಕೂತು, ಮೆಲ್ಲಗೆ ಬಾಯಿಯ ಸಂದಿನ ಕಡೆ ನಡೆಯಿತು. ಬೀಸಣಿಕೆ ಅವಳ ತೊಡೆಯ ಮೇಲೆ ಬೋರಲಾಗಿ ಬಿದ್ದಿತ್ತು. ಇನ್ನೊಂದು ನೊಣ ಬಂತು.