ಪೂವಮ್ಮನ ಅಂಗಳದ ಎರಡನೇ ಬಟ್ಟಲು

ಚಿಪ್ಪು ಅನ್ನುವುದು ಹೆಸರಿಗೆ ಮಾತ್ರ. ಬೆರಳು ತಾಗಿದರೆ ಮೊಟ್ಟೆ ನೀರುದೋಸೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಬೆಳುವಾಯಿಯ ಪೂವಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೇಂಟೆಯನ್ನೇ ಕೇಳಿದಳು, "ಎಂತ ಇದು? ಮಗುವನ್ನು ಅಂಗಿ ಹಾಕದೆ ಕಳಿಸಿದ್ದೀಯಲ್ಲ?"

ಹೇಂಟೆ ಉತ್ತರ ಕೊಡಲಿಲ್ಲ. ಪೂವಮ್ಮನಿಗೆ ಅದು ಹೊಸತೂ ಅಲ್ಲ. ಗಂಡ ಸಂಕಪ್ಪ ಇದ್ದಾಗಲೂ ಪ್ರಶ್ನೆ ಇವಳದ್ದು, ಉತ್ತರವಾಗಿ ಒಂದು ಕೆಮ್ಮು ಅವನದ್ದು. ಅವನು ತೀರಿಕೊಂಡ ಮೇಲೆ ಆ ಕೆಮ್ಮೂ ಇಲ್ಲ. ಮಕ್ಕಳಿರಲಿಲ್ಲ. ಬೀಡಿ ಕಟ್ಟಲು ಕೂತರೆ ಕತ್ತರಿ ಆಡಿದ್ದೇ ಮಾತು. ಆಮೇಲೆ ಒಂದಿಷ್ಟು ಹೇಂಟೆಗಳು, ಮರಿಗಳು, ಒಂದು ಹುಂಜ ಬಂದವು. ಎದೆ ಮುಂದೆ ಮಾಡಿ ನಡೆಯುವ ಆ ಹುಂಜದ ಠೀವಿ ನೋಡಿದರೆ ಥೇಟ್ ಸಂಕಪ್ಪನೇ. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ, ಹುಂಜಕ್ಕೂ ಹೆಸರಿಡಲಿಲ್ಲ. "ಇವರು" ಅಂದಳು, ಅಷ್ಟೇ. ಬೆಳಿಗ್ಗೆ "ಇವರು" ಕೂಗಿದರೆ ಪೂವಮ್ಮ, "ಎದ್ದೆ ಮಾರಾಯ್ರೆ" ಅನ್ನುವಳು. ದಿನದ ಮೊದಲ ಮಾತು ಅದು. ಕೆಲವು ದಿನ ಕೊನೆಯದೂ ಅದೇ.

ಚಿಪ್ಪು ತೆಳುವಾದರೆ ಸುಣ್ಣದ ಅಂಶ ಸಾಲದು ಎಂದು ಅವಳಿಗೆ ಗೊತ್ತಿತ್ತು. ಸುಣ್ಣಕ್ಕೇನು ಬರ? ಎಲೆ ಅಡಿಕೆಯ ಡಬ್ಬಿ ಸೊಂಟದಲ್ಲೇ ಇತ್ತು. ದಿನವೂ ತೌಡಿಗೆ ಒಂದು ಬೆರಳು ಸುಣ್ಣ ಕಲಸಿ, ದೊಡ್ಡ ಪಾತ್ರೆಯಲ್ಲಿ ಎಲ್ಲರಿಗೂ ಒಟ್ಟಿಗೇ ಇಟ್ಟಳು.

ಸ್ವಲ್ಪ ಕಾಲದಲ್ಲೇ ಮರಿಗಳು ರೆಕ್ಕೆ ಇಳಿಬಿಟ್ಟು ನಿಲ್ಲತೊಡಗಿದವು. ಒಂದು ಸತ್ತೂ ಹೋಯಿತು. ಒಂದು ಬೆಳಿಗ್ಗೆ ಬಿಸಿಲು ಮುಖಕ್ಕೆ ಬಿದ್ದಾಗಲೇ ಪೂವಮ್ಮನಿಗೆ ಎಚ್ಚರ. "ಇವರು" ಕೂಗಿರಲಿಲ್ಲ. "ಎದ್ದೆ" ಎಂದು ಯಾರಿಗೆ ಹೇಳುವುದು? ಹಾಸಿಗೆಯಲ್ಲಿ ಸುಮ್ಮನೆ ಕೂತಳು.

ಆಗ ಅಂಗಳದಿಂದ, "ಕೊಕ್ಕೊಕ್ಕೋ...ಕೋ!"

ಪೂವಮ್ಮ ಬಿಚ್ಚಿದ ಕೂದಲಲ್ಲೇ ಓಡಿ ಬಂದಳು. ಹುಂಜ ಗೂಡಿನ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿತ್ತು. ಗೇಟಿನ ಬಳಿ ನಿಂತು ಕೂಗುತ್ತಿದ್ದವಳು ಪ್ರಫುಲ್ಲಾ. ಮಹಿಳಾ ಸಂಘದ ಪಶುಸಖಿ ಅವಳು. ದನ, ಆಡು, ಕೋಳಿಗಳ ಆರೈಕೆ ತಿಳಿಸಲು ಮನೆಮನೆಗೆ ಬರುವವಳು. ಯಾವ ಪ್ರಾಣಿಯ ಸ್ವರವನ್ನೂ ಅನುಕರಿಸದೆ ಬಿಡುವವಳಲ್ಲ.

"ನೀನಾ," ಅಂದಳು ಪೂವಮ್ಮ. ಮುಖ ಸಣ್ಣದಾಯಿತು.

ಪ್ರಫುಲ್ಲಾ ನಗು ನಿಲ್ಲಿಸಿದಳು. ಹುಂಜವನ್ನು ನೋಡಿದಳು, ಪಾತ್ರೆ ಮೂಸಿದಳು. "ಅಕ್ಕ, ಇದಕ್ಕೆ ಎಂತ ಹಾಕಿದ್ದೀರಿ?"

"ಸುಣ್ಣ. ಎಲೆಗೆ ಹಾಕುದೇ. ಮೊಟ್ಟೆ ಗಟ್ಟಿ ಆಗ್ಲಿ ಅಂತ."

"ಹುಂಜ ಮೊಟ್ಟೆ ಇಡ್ತದಾ?"

"ನಿನ್ನ ತಲೆ!"

"ಮತ್ತೆ ಅದಕ್ಕೆ ಯಾಕೆ? ಮರಿಗಳಿಗೆ ಯಾಕೆ?"

"ನಾನು ಭೇದ ಮಾಡುವವಳಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ನನ್ನಿಂದಾಗುದಿಲ್ಲ."

"ಸರಿ, ಈಗ ಎಲ್ಲರ ಕಣ್ಣಿಗೂ ಸುಣ್ಣವೇ ಬಿತ್ತಲ್ಲ ಅಕ್ಕ! ಮೊಟ್ಟೆ ಇಡುವ ಹೇಂಟೆಗೆ ಕ್ಯಾಲ್ಸಿಯಂ ಬೇಕು. ಸಿಗದಿದ್ರೆ ಪಾಪ, ತನ್ನ ಎಲುಬಿಂದಲೇ ತೆಗೆದು ಚಿಪ್ಪು ಮಾಡ್ತದೆ. ಹುಂಜ, ಮರಿಗಳಿಗೆ ಅಷ್ಟು ಖರ್ಚು ಎಲ್ಲುಂಟು? ಹೆಚ್ಚಾದದ್ದು ಕಿಡ್ನಿಗೆ ಪೆಟ್ಟು. ಮತ್ತೆ ಈ ಎಲೆಯ ಸುಣ್ಣ ಯಾರಿಗೂ ಬೇಡ, ಹೇಂಟೆಗೂ ಬೇಡ. ಸ್ವಲ್ಪ ಹೆಚ್ಚಾದ್ರೆ ನಿಮ್ಮ ನಾಲಗೆಯೇ ಸುಡುದಿಲ್ವಾ?"

ಪೂವಮ್ಮ ನುಗ್ಗೆ ಮರದ ಬುಡವನ್ನು ನೋಡಿದಳು. ಸತ್ತ ಮರಿಯನ್ನು ಹೂತದ್ದು ಅಲ್ಲಿ. "ಹಾಗಾದ್ರೆ ಅದನ್ನು ನಾನೇ..."

"ಅದು ಹಾಗೇ ಅಂತ ಹೇಳ್ಲಿಕ್ಕಾಗುದಿಲ್ಲ ಅಕ್ಕ. ಈಗ ನಿಮ್ಮ 'ಇವರನ್ನು' ಪಶು ಆಸ್ಪತ್ರೆಗೆ ತೋರಿಸುವ. ಇನ್ನು ಮುಂದೆ ಹೇಂಟೆಗಳಿಗೆ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡುವ."

"ಬೇರೆ ಬಟ್ಟಲಾ? ಬೇಡ ಮಾರಾಯ್ತಿ. ಒಬ್ಬಳೇ ಕೂತು ಉಣ್ಣುದು ಎಂತ ಅಂತ ನಿನಗೆ ಗೊತ್ತಿಲ್ಲ. ಇವುಗಳಾದ್ರೂ ಒಟ್ಟಿಗೆ ತಿನ್ನಲಿ."

ಪ್ರಫುಲ್ಲಾ ಅವಳನ್ನು ಜಗಲಿಗೆ ಕರೆದುಕೊಂಡು ಹೋಗಿ, ಪಕ್ಕ ಕೂತು ಹೇಳಿದಳು, "ಊಟ ಒಟ್ಟಿಗೇ ಅಕ್ಕ. ಊಟ ಆದ ಮೇಲೆ ನಾವು ಎಲೆ ಅಡಿಕೆಯ ತಟ್ಟೆ ಇಡುದಿಲ್ವಾ? ಬೇಕಾದವರು ಹಾಕ್ತಾರೆ, ಬೇಡದವರು ಏಳ್ತಾರೆ. ಯಾರಾದ್ರೂ ಅದನ್ನು ಅನ್ನಕ್ಕೇ ಕಲಸಿ ಬಡಿಸ್ತಾರಾ?"

ಪೂವಮ್ಮನಿಗೆ ನಗು ತಡೆಯಲಾಗಲಿಲ್ಲ.

ಹುಂಜ ಬುಟ್ಟಿಯಲ್ಲಿ ಕೂತು ಆಸ್ಪತ್ರೆಗೆ ಹೋಯಿತು. ಸುಣ್ಣ ನಿಲ್ಲಿಸಿ, ಶುದ್ಧ ನೀರಿಡಿ, ಚೇತರಿಸಬಹುದು, ಆದರೆ ಮಾತು ಕೊಡಲಾರೆ ಎಂದರು ಡಾಕ್ಟರು. ಮೀನು ಮಾರುವ ಅಬ್ದುಲ್ ಸಲಾಂ ಸ್ಕೂಟರಿನಲ್ಲಿ ಮರುವಾಯಿ, ಅಂದರೆ ಕಪ್ಪೆಚಿಪ್ಪು, ತಂದ ದಿನ ಪೂವಮ್ಮ ಸಾರು ಮಾಡಿ, ಖಾಲಿ ಚಿಪ್ಪುಗಳನ್ನು ತೊಳೆದು, ಕುದಿಸಿ, ಒಣಗಿಸಿ, ನುಚ್ಚಿನ ಹಾಗೆ ಕುಟ್ಟಿದಳು. ತೆಂಗಿನ ಗೆರಟೆಯಲ್ಲಿ ತುಂಬಿಸಿ ಮಳೆ ತಾಗದ ಕಡೆ ಇಟ್ಟಳು. ಹೇಂಟೆಗಳು ಬಂದು ಕಟಕಟ ಹೆಕ್ಕಿದವು. ಮರಿಗಳು ಕೆದಕಿ ಹೋದವು. "ಇವರು" ಒಮ್ಮೆ ಕುಕ್ಕಿ, ತಲೆ ಕೊಡವಿ, ತೌಡಿನ ಕಡೆಗೆ ತಿರುಗಿದರು.

"ಇವರಿಗೆ ಎಲೆ ಹಾಕುವ ಅಭ್ಯಾಸ ಮೊದಲಿಂದಲೂ ಇರ್ಲಿಲ್ಲ," ಅಂದಳು ಪೂವಮ್ಮ, ಯಾರಿಗೂ ಅಲ್ಲದ ಹಾಗೆ.

ಮೊಟ್ಟೆಯ ಚಿಪ್ಪು ನಿಧಾನವಾಗಿ ಗಟ್ಟಿಯಾಯಿತು. ಬೆಳಗುಗಳು ಮಾತ್ರ ಮೌನವಾಗಿಯೇ ಬಂದು ಹೋದವು. ಕೊನೆಗೊಂದು ದಿನ ನಸುಕಿನಲ್ಲಿ ಗೂಡಿನಿಂದ ಒಂದು ಒಡಕು ಸ್ವರ ಕೇಳಿತು. ಕೂಗು ಅನ್ನುವಂತಿರಲಿಲ್ಲ. ಕೆಮ್ಮಿದ ಹಾಗಿತ್ತು.

ಪೂವಮ್ಮ ಕತ್ತಲಲ್ಲೇ ಎದ್ದು ಕೂತಳು. "ಎದ್ದೆ ಮಾರಾಯ್ರೆ," ಅಂದಳು. "ಎದ್ದೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೂ ಹೇಂಟೆ, ಹುಂಜ, ಮರಿಗಳು ಒಟ್ಟಿಗೆ ಇವೆಯೇ? ಕ್ಯಾಲ್ಸಿಯಂ ಅನ್ನು ಎಲ್ಲರ ಆಹಾರಕ್ಕೆ ಬೆರೆಸಬೇಡಿ. ಮೊಟ್ಟೆ ಕೋಳಿಗೆಂದು ಪೇಟೆಯಲ್ಲಿ ಮಾರುವ ಆಹಾರದಲ್ಲಿ ಅದು ಮೊದಲೇ ಹೆಚ್ಚಿರುತ್ತದೆ; ಮರಿಗಳಿಗೆ ಅದನ್ನು ಹಾಕಬೇಡಿ. ಕುಟ್ಟಿದ ಮರುವಾಯಿ ಚಿಪ್ಪನ್ನು ಬೇರೆ ಬಟ್ಟಲಲ್ಲಿಡಿ; ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ. ಮೊಟ್ಟೆಯ ಚಿಪ್ಪಾದರೆ ಚೆನ್ನಾಗಿ ಹುರಿದು, ಗುರುತು ಸಿಗದಂತೆ ಪುಡಿ ಮಾಡಿ. ಇಲ್ಲವಾದರೆ ಕೋಳಿಗಳು ಮೊಟ್ಟೆಯನ್ನೇ ಕುಕ್ಕಲು ಕಲಿಯುತ್ತವೆ. ಆಮೇಲೂ ಚಿಪ್ಪು ತೆಳುವಾಗಿದ್ದರೆ ಪಶು ವೈದ್ಯರನ್ನು ಕೇಳಿ.

ಮತ್ತೆ, ಒಬ್ಬರೇ ಇರುವವರ ಮನೆಗೆ ಮೊಟ್ಟೆ ಕೊಳ್ಳಲು ಹೋದರೆ, ಗೇಟಿನಿಂದಲೇ ತಿರುಗಬೇಡಿ. ಜಗಲಿಯಲ್ಲಿ ಸ್ವಲ್ಪ ಕೂತು ಬನ್ನಿ.